ನಾನೂರು ಮಿಲಿಗ್ರಾಂ ವಿದೇಶಿ ಡೇಟಾ

ಮಾರ್ಚ್ ಹನ್ನೊಂದು, ಬುಧವಾರ. ಆಕಾಶ ಶುಭ್ರ. ಬಿಸಿಲು ಸಾಧಾರಣ. ಗಾಳಿ ಇಲ್ಲ.

ತೂಕ ಮತ್ತು ಅಳತೆ ಇಲಾಖೆಯ ತೂಕದ ಕೋಣೆಯಲ್ಲಿ ಏನನ್ನೇ ತೂಗುವ ಮೊದಲು ದಿನಾಂಕವನ್ನೂ ಹವೆಯನ್ನೂ ಬರೆಯಬೇಕೆಂಬ ನಿಯಮವಿದೆ. ಕೋಣೆಯ ಸಹಾಯಕನಾಗಿ ಹತ್ತೊಂಬತ್ತು ವರ್ಷಗಳಿಂದ ಆ ಸಾಲನ್ನು ಬರೆಯುತ್ತಿರುವವನು ನಾನು. ಆ ದಿನ ಹತ್ತೂ ಇಪ್ಪತ್ತಕ್ಕೆ ಗಾಜಿನ ಪೆಟ್ಟಿಗೆಯ ತಕ್ಕಡಿಯ ಮೇಲೆ ಇಟ್ಟ ವಸ್ತು: ಹತ್ತು ಜಿ.ಬಿ. ವಿದೇಶಿ ಡೇಟಾ ತುಂಬಿದ ಮೊಬೈಲ್ ಫೋನ್, ಕವರ್ ಸಹಿತ, ಒಂದು. ತೂಕ: ನೂರ ತೊಂಬತ್ತೆರಡು ಗ್ರಾಂ ಆರುನೂರ ಐವತ್ತು ಮಿಲಿಗ್ರಾಂ.

ಫೋನು ನಮ್ಮ ಹಿರಿಯ ಪರಿವೀಕ್ಷಕರದು. ಇಲಾಖೆಯಲ್ಲಿ ಎಲ್ಲರೂ ಅವರನ್ನು ಮಿಲಿಗ್ರಾಂ ಎನ್ನುತ್ತಾರೆ. ಎದುರಿಗೂ ಎನ್ನುತ್ತಾರೆ. ಅವರು ಅದನ್ನು ಬಿರುದೆಂದು ಭಾವಿಸಿದ್ದಾರೆ. ಹಿಂದೊಮ್ಮೆ ಒಬ್ಬ ಅಂಗಡಿಯವನು ಸಕ್ಕರೆಯ ಜೊತೆಗೆ ಪೊಟ್ಟಣದ ಕಾಗದವನ್ನೂ ತೂಗಿ, ಕಾಗದಕ್ಕೂ ಸಕ್ಕರೆಯ ಬೆಲೆ ತೆಗೆದುಕೊಂಡಿದ್ದ. ಮಿಲಿಗ್ರಾಂ ಅವನ ಮೇಲೆ ಕೇಸು ಹಾಕಿ, ಆ ಕಾಗದವನ್ನು ನ್ಯಾಯಾಧೀಶರ ಮೇಜಿನ ಮೇಲೆಯೇ ತೂಗಿ ತೋರಿಸಿದರು. ಅಂಗಡಿಯವನು ಅವರ ಷಡ್ಡಕ. ಆಮೇಲೆ ನಾಲ್ಕು ವರ್ಷ ಅಕ್ಕತಂಗಿಯರ ನಡುವೆ ಮಾತು ನಿಂತುಹೋಗಿತ್ತು.

ಇಲಾಖೆಯಲ್ಲಿ ವಿದೇಶ ಪ್ರವಾಸ ಸರದಿಯ ಪ್ರಕಾರ ಬರುತ್ತದೆ. ಮಿಲಿಗ್ರಾಂ ಅವರ ಸರದಿ ಅವರ ಮೂವತ್ತೊಂದನೆಯ ವರ್ಷದ ಸೇವೆಯಲ್ಲಿ, ನಿವೃತ್ತಿಗೆ ಇಪ್ಪತ್ತು ದಿನ ಇದ್ದಾಗ ಬಂತು. ಧಾನ್ಯದ ತೂಕದಿಂದ ತೇವಾಂಶವನ್ನು ಕಳೆಯುವುದು ಹೇಗೆಂಬ ಬಗ್ಗೆ ಏಳು ದಿನಗಳ ಸಮ್ಮೇಳನ. ಅಲ್ಲಿ ಕಲಿತದ್ದನ್ನು ಅವರು ಹಿಂದಿರುಗಿ ಹನ್ನೆರಡು ದಿನ ಇಲಾಖೆಯ ಸೇವೆಗೆ ಬಳಸಬಹುದಿತ್ತು. ಅದರಲ್ಲಿ ನಾಲ್ಕು ದಿನ ರಜೆ.

ಪ್ರವಾಸದ ಆದೇಶದ ಜೊತೆಗೆ ಒಂದು ಸುತ್ತೋಲೆಯೂ ಬಂತು: “ವಿದೇಶದಲ್ಲಿರುವ ಅಧಿಕಾರಿಯು ಮೊಬೈಲ್ ಡೇಟಾ ಮೂಲಕ ಕಚೇರಿಯೊಂದಿಗೆ ನಿರಂತರ ಸಂಪರ್ಕದಲ್ಲಿರತಕ್ಕದ್ದು. ಸಂಪರ್ಕ ತಪ್ಪಿದಲ್ಲಿ, ತಪ್ಪಿರುವ ಸಂಗತಿಯನ್ನು ಕೂಡಲೇ ಸಂಪರ್ಕಿಸಿ ತಿಳಿಸತಕ್ಕದ್ದು.”

ಆದ್ದರಿಂದ ಮಿಲಿಗ್ರಾಂ ಮತ್ತು ನಾನು ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗಿ ತಾಳ್ಮೆಯಿಂದ ವಿವರಿಸಿದಳು.

“ಅಂಕಲ್, ಅಲ್ಲಿ ಹೋಗಿ ಹಾಗೇ ನೆಟ್ ಆನ್ ಮಾಡಿಬಿಟ್ರೆ ದುಡ್ಡು ನೀರಿನ ಹಾಗೆ ಹರಿದುಹೋಗುತ್ತೆ. ಮೊದಲೇ ರೋಮಿಂಗ್ ಪ್ಯಾಕ್ ಹಾಕಿಸ್ಕೊಳಿ. ಹತ್ತು ಜಿ.ಬಿ., ಏಳು ದಿನ.”

“ಹತ್ತು ಅಂದ್ರೆ ಸರಿಯಾಗಿ ಹತ್ತು ಇರುತ್ತೇನಮ್ಮ?”

“ಇರುತ್ತೆ ಅಂಕಲ್.”

“ಅಳೆದೋರು ಯಾರು?”

“ಕಂಪನಿಯೋರೇ.”

“ಮಾರೋನೇ ಅಳೆದ್ರೆ ಅದನ್ನ ಅಳತೆ ಅನ್ನಲ್ಲ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಫೋನಿನ ಕವರುಗಳನ್ನು ನೋಡುತ್ತಿದ್ದೆ. ಕೊನೆಗೆ ಮಿಲಿಗ್ರಾಂ ಒಂದು ಕವರನ್ನೂ ಕೊಂಡರು, ಅದು ಸ್ವಂತ ಖರ್ಚಿನಲ್ಲಿ.

ಇಲಾಖೆಯ ದುಡ್ಡಿನಲ್ಲಿ ಕೊಂಡ ಯಾವ ವಸ್ತುವೂ ಉಗ್ರಾಣದ ದಾಸ್ತಾನು ಪುಸ್ತಕಕ್ಕೆ ಹತ್ತದೆ ಹೊರಗೆ ಹೋಗುವಂತಿಲ್ಲ. ಉಗ್ರಾಣ ನೋಡಿಕೊಳ್ಳುವವರನ್ನು ನಿರ್ದೇಶಕರಾದಿಯಾಗಿ ಎಲ್ಲರೂ ಅಕ್ಕ ಎನ್ನುತ್ತೇವೆ. ನಮ್ಮಲ್ಲಿ ಅರ್ಧ ಜನ ಅವರಿಗಿಂತ ದೊಡ್ಡವರು. ಅಕ್ಕ ಪುಸ್ತಕ ತೆರೆದು, ವಸ್ತುವಿನ ಹೆಸರು ಬರೆದು, ‘ಮಾನ’ ಎಂಬ ಕಲಮಿನ ಹತ್ತಿರ ಪೆನ್ನು ನಿಲ್ಲಿಸಿದರು.

“ಎಷ್ಟು?”

“ಹತ್ತು ಜಿ.ಬಿ.”

“ನಮ್ಮ ಅನುಸೂಚಿಯಲ್ಲಿ ಕಿಲೋ ಇದೆ, ಲೀಟರ್ ಇದೆ, ಮೀಟರ್ ಇದೆ. ಜಿ.ಬಿ. ಎಲ್ಲಿದೆ ತೋರಿಸಿ.”

“ಇಲ್ಲ.”

“ಅನುಸೂಚಿಯಲ್ಲಿ ಇಲ್ಲದ ಮಾನ ಬಳಸಿದ್ರೆ ಏನಾಗುತ್ತೆ?”

“ದಂಡ,” ಎಂದರು ಮಿಲಿಗ್ರಾಂ ಕೂಡಲೇ.

“ಹೋದ ವರ್ಷ ಸೊಪ್ಪನ್ನ ಹಿಡಿ ಲೆಕ್ಕದಲ್ಲಿ ಮಾರಿದ ಅಜ್ಜಿಗೆ ದಂಡ ಹಾಕಿದೋರು ಯಾರು?”

“ನಾನೇ.”

“ಮತ್ತೆ ಈಗ ನಾನು ಏನು ಬರೀಲಿ?”

ಮಿಲಿಗ್ರಾಂ ತಲೆದೂಗಿದರು. ತಮ್ಮ ಮಾತೇ ತಮಗೆ ತಿರುಗಿ ಬಂದಾಗ ಅದರ ತೂಕವನ್ನು ಒಪ್ಪಿಕೊಳ್ಳುವ ಮನುಷ್ಯ ಅವರು. ಕಡತ ನಿರ್ದೇಶಕರ ಬಳಿಗೆ ಹೋಯಿತು. ಅವರು ಅಂಚಿನಲ್ಲಿ ಒಂದೇ ಸಾಲು ಬರೆದರು: “ತೂಗಿ ಕೊಡಿ. ಬಂದ ಮೇಲೆ ತೂಗಿ ತೆಗೆದುಕೊಳ್ಳಿ. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಖರ್ಚು.”

ಹನ್ನೊಂದನೆಯ ತಾರೀಖಿನ ತೂಕಕ್ಕೆ ಇದು ಕಾರಣ.

ಪ್ರವಾಸವು ನಿಯಮಬದ್ಧವಾಗಿ ನಡೆಯಿತು. ಗಂಟೆಗೊಮ್ಮೆ ಅವರಿಂದ “ಸಂಪರ್ಕದಲ್ಲಿದ್ದೇನೆ” ಎಂಬ ಸಂದೇಶ ಬರುತ್ತಿತ್ತು. “ಸಂಪರ್ಕ ಸ್ವೀಕರಿಸಲಾಗಿದೆ” ಎಂದು ನಾವು ಉತ್ತರಿಸುತ್ತಿದ್ದೆವು. ಬೇರೆ ವಿಷಯ ಇರಲಿಲ್ಲ. ನಾಲ್ಕನೆಯ ದಿನ ಅಲ್ಲಿನ ಹನ್ನೊಂದು ಗಂಟೆಗೂ ಅದೇ ಸಂದೇಶ ಬಂತು. ಯಾರ ಸಂಪರ್ಕದಲ್ಲಿ ಎಂದು ಬರೆಯಬೇಕೆಂಬ ನಿಯಮವಿರಲಿಲ್ಲ.

ಅವರು ಆಗ ಅತ್ತಿಗೆಯ ಸಂಪರ್ಕದಲ್ಲಿದ್ದರು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಮದುವೆಯಾದ ವರ್ಷ ಮಿಲಿಗ್ರಾಂ ಅತ್ತಿಗೆಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ರಜೆ ಮಂಜೂರಾಗಲಿಲ್ಲ. ಮರುವರ್ಷವೂ ಆಗಲಿಲ್ಲ. ಆಮೇಲೆ ಅವರು ಅರ್ಜಿ ಹಾಕುವುದನ್ನು ಬಿಟ್ಟರು, ಅತ್ತಿಗೆ ಕೇಳುವುದನ್ನು ಬಿಟ್ಟರು. ಈಗ ಸಮ್ಮೇಳನದ ಕಟ್ಟಡದ ಹಿಂದೆಯೇ ಸಮುದ್ರವಿತ್ತು. ಒಳಗೆ ಗೋಧಿಯ ತೇವಾಂಶದ ಕುರಿತು ಭಾಷಣ ನಡೆಯುತ್ತಿದ್ದಾಗ ಮಿಲಿಗ್ರಾಂ ಹೊರಗೆ ಬಂದು, ಮರಳಿನಲ್ಲಿ ಒಂದು ಬೂಟು ನಿಲ್ಲಿಸಿ, ಅದಕ್ಕೆ ಫೋನನ್ನು ಒರಗಿಸಿ ಸಮುದ್ರ ತೋರಿಸಿದರು. ಒಂದು ಗಂಟೆ ಹತ್ತು ನಿಮಿಷ.

“ಸ್ವಲ್ಪ ಬಲಕ್ಕೆ ತಿರುಗಿಸ್ರೀ,” ಎಂದರಂತೆ ಅತ್ತಿಗೆ. “ಆ ಕಡೆನೂ ಇದೇನಾ?”

“ಆ ಕಡೆನೂ ಇದೇ.”

“ಬರ್ತಾ ಒಂದು ಹಿಡಿ ಮರಳು ತನ್ನಿ.”

“ಹಿಡಿ ಅನ್ನೋದು ಮಾನ ಅಲ್ಲ. ಅಲ್ಲದೆ ಇದು ಬೇರೆ ಸರ್ಕಾರದ ಸ್ವತ್ತು.”

“ನೀವು ಉದ್ಧಾರ ಆದ್ರಿ,” ಎಂದು ಅತ್ತಿಗೆ ಮತ್ತೆ ಸಮುದ್ರ ನೋಡಿದರಂತೆ.

ಮಾರ್ಚ್ ಹತ್ತೊಂಬತ್ತು, ಗುರುವಾರ. ಮೋಡ. ಗಾಳಿ ಇಲ್ಲ. ಹಿಂದಿರುಗಿದ ಫೋನಿನ ತೂಕ: ನೂರ ತೊಂಬತ್ತಮೂರು ಗ್ರಾಂ ಐವತ್ತು ಮಿಲಿಗ್ರಾಂ.

ಅಕ್ಕ ಮೂರು ಸಲ ಓದಿದರು. “ಖರ್ಚಾಗಿ ಬರಬೇಕಾದದ್ದು ನಾನೂರು ಮಿಲಿಗ್ರಾಂ ಜಾಸ್ತಿಯಾಗಿ ಬಂದಿದೆಯಲ್ಲ!”

ಹತ್ತು ಜಿ.ಬಿ.ಯಲ್ಲಿ ಒಂಬತ್ತು ಮುಗಿದಿದೆ ಎಂದು ಫೋನೇ ತೋರಿಸುತ್ತಿತ್ತು. ಆದರೆ ಮಾರಿದವನ ಅಳತೆಯನ್ನು ಇಲಾಖೆ ಒಪ್ಪುವುದಿಲ್ಲ, ತಕ್ಕಡಿಯನ್ನು ಒಪ್ಪುತ್ತದೆ. ತಕ್ಕಡಿಯ ಪ್ರಕಾರ ಮಿಲಿಗ್ರಾಂ ಡೇಟಾ ಖರ್ಚು ಮಾಡಿರಲೇ ಇಲ್ಲ. ಬದಲಿಗೆ ಅಲ್ಲಿಂದ ನಾನೂರು ಮಿಲಿಗ್ರಾಂ ವಿದೇಶಿ ಡೇಟಾವನ್ನು ಘೋಷಿಸದೆ ತಂದಿದ್ದರು. ಇಂಥದ್ದು ಇಲಾಖೆಯ ಚರಿತ್ರೆಯಲ್ಲಿ ಮೊದಲು. ಆದ್ದರಿಂದ ನಮೂನೆಯೊಂದನ್ನು ಹೊಸದಾಗಿ ಅಚ್ಚು ಹಾಕಿಸಲಾಯಿತು.

ಕವರಿನ ಸಂದಿಯಲ್ಲಿ ಏನೋ ಮಿನುಗಿದ್ದನ್ನು ನಾನು ತೂಗುವಾಗಲೇ ಕಂಡಿದ್ದೆ. ಪುಸ್ತಕದಲ್ಲಿ ಷರಾ ಎಂಬ ಕಲಮು ಇದೆ. ಅದನ್ನು ಖಾಲಿ ಬಿಟ್ಟೆ.

ಮಿಲಿಗ್ರಾಂ ಅವರಿಂದ ವಿವರಣೆ ಕೇಳಲಾಯಿತು. ಅವರು ಕೊಡಲಿಲ್ಲ. ಸುಳ್ಳು ಬರೆಯುವುದು ಅವರಿಗೆ ಗೊತ್ತಿಲ್ಲ. ಮರಳು ಎಂದರೆ ಸಮುದ್ರ ಎನ್ನಬೇಕು. ಸಮುದ್ರ ಎಂದರೆ ಕರ್ತವ್ಯದ ವೇಳೆಯಲ್ಲಿ ಒಂದು ಗಂಟೆ ಹತ್ತು ನಿಮಿಷ ಗೈರುಹಾಜರಿ ಎನ್ನಬೇಕು. ಅಲ್ಲಿಗೆ ಮೂವತ್ತೊಂದು ವರ್ಷದ ಅಖಂಡ ಸೇವೆ ಖಂಡವಾಗುತ್ತದೆ. ಸುಮ್ಮನಿದ್ದರೂ ಕಷ್ಟವೇ: ಲೆಕ್ಕ ತೀರದೆ ಅಕ್ಕ ‘ಬಾಕಿ ಇಲ್ಲ’ ಪ್ರಮಾಣಪತ್ರ ಕೊಡುವುದಿಲ್ಲ, ಅದಿಲ್ಲದೆ ಪಿಂಚಣಿ ಶುರುವಾಗುವುದಿಲ್ಲ. ಒಂದು ಜಾಕ್ ಕಳೆದುಕೊಂಡು ನಿವೃತ್ತನಾದ ನಮ್ಮ ಜೀಪಿನ ಡ್ರೈವರು ಆರು ವರ್ಷದಿಂದ ಪ್ರತಿ ಸೋಮವಾರ ಕಚೇರಿಗೆ ಬರುತ್ತಾನೆ. ಈಗ ಅವನಿಗೊಂದು ಕುರ್ಚಿಯನ್ನೇ ಕೊಟ್ಟಿದ್ದೇವೆ. ಆ ವಾರ ಆತ ಮಿಲಿಗ್ರಾಂ ಅವರನ್ನು ಕಂಡು, “ಬನ್ನಿ ಸಾರ್, ಜಾಗ ಇದೆ,” ಎಂದು ಪಕ್ಕಕ್ಕೆ ಸರಿದು ಕೂತ.

ಅತ್ತಿಗೆ ನನಗೆ ಫೋನು ಮಾಡಿದ್ದು ಆ ಸೋಮವಾರ ಸಂಜೆ.

“ಏನಪ್ಪ, ನಿಮ್ಮ ಮಿಲಿಗ್ರಾಂ ಸರಿಯಾಗಿ ಊಟ ಮಾಡ್ತಿಲ್ಲ. ಕೇಳಿದ್ರೆ ಹೊಟ್ಟೆ ತುಂಬಿದೆ ಅಂತಾರೆ. ಪಿಂಚಣಿ ನಿಲ್ಲಿಸ್ತಾರಂತೆ, ಹೌದಾ?”

ನಾನು ವಿಷಯ ಹೇಳಿದೆ. ಅವರು ಸಮುದ್ರದ ಕಥೆ ಹೇಳಿದರು. ಕೊನೆಗೆ, “ನಾನು ಬಲಕ್ಕೆ ತಿರುಗಿಸಿ ಅನ್ನಬಾರದಿತ್ತು,” ಎಂದರು. “ತಿರುಗಿಸಿದಾಗಲೇ ಫೋನು ಮಗುಚಿ ಮರಳಿಗೆ ಬಿತ್ತು. ಒಂದು ಚೂರು ಸಮುದ್ರಕ್ಕೆ ಆಸೆಪಟ್ಟು ಇದ್ದದ್ದನ್ನೂ ಕಳ್ಕೊಂಡ ಹಾಗಾಯ್ತಲ್ಲ.”

ಮಾರ್ಚ್ ಮೂವತ್ತು, ಸೋಮವಾರ. ಬಿಸಿಲು. ಗಾಳಿ ಇಲ್ಲ.

ತೂಕದ ಕೋಣೆಯಲ್ಲಿ ನಿರ್ದೇಶಕರು, ಅಕ್ಕ, ಮಿಲಿಗ್ರಾಂ ಮತ್ತು ನಾನು ಸೇರಿದೆವು. ನಿರ್ದೇಶಕರು ಆದೇಶ ಓದಿದರು: “ಹೆಚ್ಚುವರಿ ಡೇಟಾವನ್ನು ಸಮಿತಿಯ ಸಮ್ಮುಖದಲ್ಲಿ ಹೊರತೆಗೆದು ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ನಾನೂರು ಮಿಲಿಗ್ರಾಂಗೆ ಒಂದು ಮಿಲಿಗ್ರಾಂ ಕಡಿಮೆಯಾದರೂ ಪ್ರಮಾಣಪತ್ರವಿಲ್ಲ.” ಓದಿ ಮುಗಿಸಿ ಕನ್ನಡಕ ತೆಗೆದರು. “ಅದನ್ನ ತೆಗೆಯೋದು ಹೇಗ್ರೀ?”

“ಕವರ್ ಬಿಚ್ಚಿ ನೋಡೋಣ ಸಾರ್,” ಎಂದೆ ನಾನು.

ಮೇಜಿನ ಮೇಲೆ ಒಂದು ತುಂಡು ಕಾಗದ ಹಾಸಿದೆ. ಅದನ್ನು ಮೊದಲೇ ತಕ್ಕಡಿಯಲ್ಲಿಟ್ಟು, ಕಾಗದದ ತೂಕ ಲೆಕ್ಕಕ್ಕೆ ಬರದಂತೆ ಸೊನ್ನೆ ಮಾಡಿಕೊಂಡಿದ್ದೆ. ಮಿಲಿಗ್ರಾಂ ಕವರನ್ನು ಬಿಚ್ಚಿ, ಗುಂಡುಸೂಜಿಯಿಂದ ಸಂದಿಗಳನ್ನು ಕೆದಕಿದರು. ಕಂದು ಬಣ್ಣದ ಸಣ್ಣ ಕಾಳುಗಳು ಕಾಗದದ ಮೇಲೆ ಉದುರಿದವು.

“ಇದೇನಾ?” ನಿರ್ದೇಶಕರು ಬಗ್ಗಿದರು.

“ಬಣ್ಣ ಹೀಗೇ ಇರುತ್ತಾ?” ಎಂದರು ಅಕ್ಕ. ಮರುದಿನ ವರ್ಷಾಂತ್ಯ, ಅವರಿಗೂ ಪುಸ್ತಕ ಮುಗಿಸಬೇಕಿತ್ತು.

“ವಿದೇಶದ್ದಲ್ವಾ ಅಕ್ಕ,” ಎಂದೆ ನಾನು.

ನಿರ್ದೇಶಕರು ಮಿಲಿಗ್ರಾಂ ಕಡೆ ತಿರುಗಿದರು. “ನೀವು ಹೇಳ್ರೀ. ಇದು ಅಲ್ಲಿಂದಲೇ ಬಂದದ್ದಾ?”

“ಅಲ್ಲಿಂದಲೇ ಬಂದದ್ದು ಸಾರ್.”

“ಸಂಪರ್ಕದಲ್ಲಿದ್ದಾಗಲೇ ಸೇರಿಕೊಂಡದ್ದಾ?”

“ಸಂಪರ್ಕದಲ್ಲಿದ್ದಾಗಲೇ.”

“ಮತ್ತೆ ಅದನ್ನ ಮೊದಲೇ ಹೇಳೋಕೇನಾಗಿತ್ತು?” ಎಂದರು ನಿರ್ದೇಶಕರು ಸಮಾಧಾನದಿಂದ. “ತೂಗಿ.”

ನಾನು ಕಾಳುಗಳಲ್ಲಿ ಕೆಲವನ್ನು ಇನ್ನೊಂದು ಕಾಗದಕ್ಕೆ ಸುರಿದು, ಆ ಕಾಗದವನ್ನು ತಕ್ಕಡಿಯ ಮೇಲಿಟ್ಟೆ. ಸೊನ್ನೆ ಮಾಡಿದ ಕಾಗದವೇ ಬೇರೆ, ಇದೇ ಬೇರೆ. ಇದು ಬೆರಳಿನಗಲ ದೊಡ್ಡದು, ಅಷ್ಟು ಹೆಚ್ಚು ಭಾರ. ಹಳೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮಿಲಿಗ್ರಾಂ ಅವರ ಮುಂದೆ ಸರಿಸಿದೆ. ಅದರೊಳಗೆ ಎರಡು ಚಿಟಿಕೆಗೂ ಕಡಿಮೆ ಏನೋ ಉಳಿದಿತ್ತು. ತಕ್ಕಡಿಯ ಅಂಕೆ ಓಡಿ, ತಡವರಿಸಿ, ನಾನೂರಕ್ಕೆ ನಿಂತಿತು.

ಮಿಲಿಗ್ರಾಂ ತಕ್ಕಡಿಯನ್ನು ನೋಡಿದರು. ಕಾಗದವನ್ನು ನೋಡಿದರು. ನನ್ನನ್ನು ನೋಡಿದರು. ಷಡ್ಡಕನನ್ನೂ ಬಿಡದ ಕಣ್ಣು ಅದು. ನನ್ನ ನೌಕರಿ ಇನ್ನೂ ಹನ್ನೊಂದು ವರ್ಷ ಇದೆ ಎಂಬುದು ನನಗೆ ಆಗ ನೆನಪಾಯಿತು. ಅವರು ಬಾಯಿ ತೆರೆದರು. ಆಮೇಲೆ ಮುಚ್ಚಿಕೊಂಡು, ಮಡಿಸಿದ ಕಾಗದವನ್ನು ಎತ್ತಿ ಕನ್ನಡಕದ ಡಬ್ಬಿಯೊಳಗೆ ಇಟ್ಟರು.

“ಸರಿಯಾಗಿ ನಾನೂರು,” ಎಂದರು ಅಕ್ಕ. ಕಾಳುಗಳನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ, ‘ವಿದೇಶಿ ಡೇಟಾ, ಕಂದು, ನಾನೂರು ಮಿ.ಗ್ರಾಂ, ಸುಸ್ಥಿತಿಯಲ್ಲಿ’ ಎಂದು ಬರೆದು ಕಬ್ಬಿಣದ ಬೀರುವಿಗೆ ಸೇರಿಸಿದರು. ಪ್ರಮಾಣಪತ್ರಕ್ಕೆ ನಿಂತಲ್ಲೇ ಸಹಿ ಬಿತ್ತು.

ಮರುದಿನ ಬೆಳಗ್ಗೆ ಹೊಸ ಸುತ್ತೋಲೆ ಬಂತು. ಇನ್ನು ಮುಂದೆ ವಿದೇಶಕ್ಕೆ ಹೋಗುವ ಪ್ರತಿಯೊಬ್ಬ ಅಧಿಕಾರಿಯೂ ನಾನೂರು ಮಿಲಿಗ್ರಾಂಗೆ ಕಡಿಮೆಯಿಲ್ಲದಂತೆ ಡೇಟಾ ತರತಕ್ಕದ್ದು. ಕಂದು ಬಣ್ಣಕ್ಕೆ ಆದ್ಯತೆ. ಬೇರೆ ಬಣ್ಣಗಳ ಲಭ್ಯತೆಯ ಅಧ್ಯಯನಕ್ಕಾಗಿ ನಿರ್ದೇಶಕರು ಸಕುಟುಂಬರಾಗಿ ಮೂರು ವಾರ ಪ್ರವಾಸ ಕೈಗೊಳ್ಳುವರು. ಯಾರೂ ಏನೂ ಕೇಳಲಿಲ್ಲ. ಜಾಕಿನ ಡ್ರೈವರು ಮಾತ್ರ, ಒಂದು ಲಕೋಟೆಯಷ್ಟು ಕಬ್ಬಿಣದ ಪುಡಿ ತಂದುಕೊಟ್ಟರೆ ತನ್ನದೂ ತೀರಬಹುದೇ ಎಂದು ವಿಚಾರಿಸಿದ. ಅಕ್ಕ ಅರ್ಜಿ ಕೊಡಲು ಹೇಳಿದರು.

ಅಂದು ಸಂಜೆ, ಬೀಳ್ಕೊಡುಗೆ ಮುಗಿಸಿ ನಾನು ಮಿಲಿಗ್ರಾಂ ಅವರ ಜೊತೆ ಅವರ ಮನೆಗೆ ಹೋದೆ. ಅವರು ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು. ಅತ್ತಿಗೆ ಟೀ ತಂದಿಟ್ಟು ನನ್ನ ಎದುರಿಗೇ ಕೂತರು.

“ಇವರಂತೂ ಬಾಯಿ ಬಿಡಲ್ಲ. ನೀನಾದ್ರೂ ಹೇಳಪ್ಪ. ಕೊನೆಗೆ ಎಷ್ಟು ಕಟ್ಟಿಸ್ಕೊಂಡ್ರು?”

“ದುಡ್ಡು ಇಲ್ಲ ಅತ್ತಿಗೆ. ಮರಳು. ನಾನೂರು ಮಿಲಿಗ್ರಾಂ.”

“ಇದ್ದದ್ದೇ ಅಷ್ಟಲ್ವಾ? ಎಲ್ಲಾನೂ ತಗೊಂಡ್ರಾ?”

ನಾನು ಟೀ ಕುಡಿದೆ. ಮಿಲಿಗ್ರಾಂ ಪೇಪರಿನಿಂದ ಕಣ್ಣೆತ್ತದೆ ಕನ್ನಡಕದ ಡಬ್ಬಿ ತೆರೆದು, ನಾಲ್ಕು ಮಡಿಕೆಯ ಕಾಗದವನ್ನು ಅತ್ತಿಗೆಯ ಕೈಗಿಟ್ಟರು.

“ಇದರಲ್ಲಿ ಮುನ್ನೂರ ಎಪ್ಪತ್ತು,” ಎಂದರು.