ಚಿಲುಮೆ ಹುಡುಕಿದ ಭಾವ

ಬೆಳಿಗ್ಗೆ ದೋಸೆಗೆ ರುಬ್ಬಿದೆ, ಒಗೆದ ಬಟ್ಟೆ ಮಡಚಿದೆ, ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ, ಭಾವನ ಸೂಟ್‌ಕೇಸಿಗೆ ಇನ್ನೂ ಬೀಗ ಇದೆಯಾ ಎಂದು ಇಣುಕಿದೆ. ಇತ್ತು!

ನನ್ನ ಗಂಡನ ಈ ಅಣ್ಣ ಕಳ್ಳನನ್ನು ಬೇಕಾದರೂ ನಂಬಿಯಾರು, ಊರಿನ ಬೋರ್ಡನ್ನು ಮಾತ್ರ ನಂಬುವುದಿಲ್ಲ. ಹ್ಯೂಸ್ಟನ್ ಆಫೀಸಿನಲ್ಲಿ ಜೊತೆಗಿದ್ದ ಬಾಸ್ಕ್ ಗೆಳೆಯನೊಬ್ಬ ಹತ್ತಿಸಿದ ಹುಚ್ಚು ಇದು. ಬಾಸ್ಕರು ಅಂದರೆ ಸ್ಪೇನ್, ಫ್ರಾನ್ಸ್ ಗಡಿಯ ಬೆಟ್ಟದ ಜನ.

"ಅವರ ಭಾಷೇಲಿ ಸುಬಿರಿ ಅಂದ್ರೆ ಸೇತುವೆ ಪಕ್ಕದ ಊರು. ಹೋಗಿ ನೋಡು, ಸೇತುವೆ ಇದೆ! ಇತುರ್ರಿ ಅಂದ್ರೆ ನೀರಿನ ಚಿಲುಮೆ. ಎಚೆಬೆರ್ರಿ ಅಂದ್ರೆ ಹೊಸಮನೆ. ಇರೋದನ್ನ ಇದ್ದ ಹಾಗೆ ಹೇಳ್ತಾರಮ್ಮ. ಇಲ್ಲಿನವರು?" ಎನ್ನುತ್ತಾರೆ ಭಾವ.

ಒಮ್ಮೆ ಡಾಲಸ್‌ಗೆ ಹೋದಾಗ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಕಾರು ನಿಲ್ಲಿಸಿ, ಅಲ್ಲಿನ ಯಾವುದೋ ಆಫೀಸಿನ ಸೆಕ್ಯುರಿಟಿಯವನನ್ನು ಕೇಳಿದರು: "ರೈತರೆಲ್ಲಿ?" ಅವನು ಪಾಪ, ಲಿಫ್ಟ್ ತೋರಿಸಿದ!

ಹೋದ ವರ್ಷ ಅಕ್ಕ, ಅಂದರೆ ಭಾವನ ಹೆಂಡತಿ, ತೀರಿಕೊಂಡರು. ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ಮನೆಯಲ್ಲಿ ಒಬ್ಬರೇ ಬೇಡವೆಂದು ಹೋದ ತಿಂಗಳು ಆಸ್ಟಿನ್‌ನ ನಮ್ಮ ಮನೆಗೆ ಕರೆತಂದೆವು. ಖಾಯಂ ಅಂತ ನಾವು. ಒಂದೇ ವಾರ ಅಂತ ಅವರು. ಬಂದಿಳಿದವರೇ ನಮ್ಮ ಬಡಾವಣೆಯ ಬೋರ್ಡ್ ಓದಿದರು: ಸ್ಪ್ರಿಂಗ್ ಹಾಲೋ, ಅಂದರೆ ಚಿಲುಮೆಯ ಕಣಿವೆ.

"ಚಿಲುಮೆ ಎಲ್ಲಿದೆಯಮ್ಮ?"

"ದೊಡ್ಡಪ್ಪ, ಇಟ್ಸ್ ಜಸ್ಟ್ ಮಾರ್ಕೆಟಿಂಗ್!" ಅಂದಳು ಮಗಳು.

"ಹೆಸರಲ್ಲೇ ಸುಳ್ಳು ಹೇಳೋ ಜಾಗದಲ್ಲಿ ಹೇಗೆ ಇರೋದು?"

ಮಾರನೆಯ ದಿನದಿಂದ ಕೋಲು ಹಿಡಿದು ಶೋಧನೆ. ಪಕ್ಕದ ಮನೆಯಾಕೆ ಫೋನ್ ಮಾಡಿದಳು: ಯಾರೋ ನಮ್ಮ ಹುಲ್ಲು ಕುಕ್ಕುತ್ತಿದ್ದಾರೆ, ನಿಮ್ಮವರಾ? ಅಷ್ಟರಲ್ಲಿ ಒದ್ದೆ ಶೂನಲ್ಲಿ ಭಾವ ಪ್ರತ್ಯಕ್ಷ. "ಸಿಕ್ಕಿತು!" ಓಡಿಹೋಗಿ ನೋಡಿದರೆ ಆಕೆಯ ಸ್ಪ್ರಿಂಕ್ಲರ್ ಪೈಪ್ ಒಡೆದಿದೆ. ಸಂಜೆಗೆ ಪ್ಲಂಬರ್ ಬಂದು ಚಿಲುಮೆ ಮುಚ್ಚಿದ. "ನೋಡಿದೆಯಾ, ಮೋಸ!" ಅಂದರು ಭಾವ.

ನನಗೆ ಗುಮಾನಿ ಬೇರೆಯೇ. ಇದು ಚಿಲುಮೆಯ ಜಗಳವೋ, ಅಕ್ಕನ ಅಡಿಗೆಮನೆಗೆ ವಾಪಸ್ ಹೋಗಲು ನೆಪವೋ? ವಾರ ಮುಗಿದು ತಿಂಗಳಾಯಿತು. ಬೀಗ ಮಾತ್ರ ತೆಗೆಯಲಿಲ್ಲ.

ಈ ದಿನ ಸಂಜೆ ಅವರ ರೂಮಿನಿಂದ ಟೇಪ್ ಹರಿಯುವ ಸದ್ದು. ಸೂಟ್‌ಕೇಸ್ ಕಟ್ಟುತ್ತಿದ್ದಾರಾ? ಹೋಗಿ ನೋಡಿದೆ. ಬಾಗಿಲಿಗೆ ರಟ್ಟು ಅಂಟಿಸುತ್ತಿದ್ದರು: ಎಚೆಬೆರ್ರಿ. ಹೊಸಮನೆ!

"ಇದು ಹಳೇ ಮನೆ ಭಾವ. ಸುಳ್ಳು ಬೋರ್ಡ್ ಹಾಕ್ತೀರಾ?" ರೇಗಿಸಿದೆ.

"ನಿಮಗೆ ಹಳೇದು. ನನಗೆ ಹೊಸದೇ ತಾನೆ?"

ಸೂಟ್‌ಕೇಸ್ ಬಾಯಿ ತೆರೆದಿತ್ತು. ಬೀರುವಿನಲ್ಲಿ ಅವರ ಶರ್ಟುಗಳ ಪಕ್ಕ ಅಕ್ಕನ ಹಸಿರು ಸ್ವೆಟರ್ ತೂಗುತ್ತಿತ್ತು.

ರಾತ್ರಿ ದೋಸೆ, ಈರುಳ್ಳಿ ಹುಳಿ. ಭಾವ ಮತ್ತೊಂದು ಹಾಕಿಸಿಕೊಂಡರು. ದಿನವೂ ನಾವೆಲ್ಲ ಮಲಗಿದ ಮೇಲೂ ಅವರ ರೂಮಿನ ದೀಪ ಉರಿಯುತ್ತಿತ್ತು. ಈವತ್ತು ಎಲ್ಲರಿಗಿಂತ ಮೊದಲು ಮಲಗಿದವರು ಅವರೇ.