ನನ್ನ ವೀಸಾಕ್ಕೆ ಜುಬೇದಕ್ಕನ ಸಾಕ್ಷಿ

ಗೊತ್ತಿಲ್ಲದ ಕೆಲಸವೆಂದರೆ ನನಗೆ ಹುರುಪು ಜಾಸ್ತಿ. ಗೊತ್ತಿರುವ ಕೆಲಸದಲ್ಲಿ ಎಲ್ಲಿ ತಪ್ಪಾಗುತ್ತದೆಂಬುದೂ ಗೊತ್ತಿರುತ್ತದಲ್ಲ, ಹಾಗಾಗಿ ಸ್ವಲ್ಪ ಅಳುಕು. ಗೊತ್ತಿಲ್ಲದ್ದರಲ್ಲಿ ಆ ತೊಂದರೆಯೇ ಇಲ್ಲ. ಜೀಪು ಕೆಟ್ಟು ನಿಂತರೆ ಬಾನೆಟ್ ಎತ್ತಿ ಮೊದಲು ಸಲಹೆ ಕೊಡುವವನು ನಾನೇ. ಆದ್ದರಿಂದ ನನ್ನ ಹೆಂಡತಿ ಸುಧಾಳಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿ, ಅವಳ ಗಂಡನಾಗಿ ಜೊತೆಗೆ ಹೋಗಲು ನನಗೂ ವೀಸಾ ಬೇಕೆಂದಾಗ, "ನಂಗೆ ಬಿಡು" ಅಂದೆ. ಅಲ್ಲಿ ವರ್ಷವಿಡೀ ಮಳೆಯಂತೆ ಎಂದು ಯಾರೋ ಹೆದರಿಸಿದರು. ಮಲೆನಾಡಿನ ಕಳಸದಲ್ಲಿ ಹುಟ್ಟಿದವನಿಗೆ ಮಳೆಯ ಹೆದರಿಕೆಯೇ? ನಕ್ಕುಬಿಟ್ಟೆ.

ಮೊದಲ ಅರ್ಜಿ ವಾಪಸು ಬಂತು. ನಾವಿಬ್ಬರೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿದ್ದೇವೆಂಬುದಕ್ಕೆ ಪುರಾವೆ ಸಾಲದಂತೆ! ಎಲಾ ಇವರ! ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಕಾಗದ ಹೇಳಬೇಕಲ್ಲ. ನಾನು ಕಾಫಿ ಎಸ್ಟೇಟಿನ ರೈಟರು, ಆಳುಗಳ ಹಾಜರಿ, ಕೊಯ್ಲಿನ ತೂಕ ಬರೆದಿಡುವವನು. ಇರುವುದು ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ಕರೆಂಟ್ ಬಿಲ್ಲು ಸಾಹುಕಾರರ ಹೆಸರಲ್ಲಿ, ಗ್ಯಾಸು ಮಾವನ ಹೆಸರಲ್ಲಿ, ರೇಷನ್ ಕಾರ್ಡು ಕಳಸದ ಅಮ್ಮನ ಹೆಸರಲ್ಲಿ. ಸುಧಾ ಸಿಟ್ಟಾಗಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಇನ್ನೊಂದ್ಸಲ ಹಾಕಿ. ಈ ಸಲನೂ ಆಗ್ಲಿಲ್ಲಾಂದ್ರೆ ನಾನೂ ಹೋಗಲ್ಲ" ಅಂದಳು. ಇಲ್ಲಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ತೂಕಡಿಸುತ್ತಲೇ ಇಂಗ್ಲಿಷ್ ಪರೀಕ್ಷೆಗೆ ಓದಿ ಸಂಪಾದಿಸಿದ ಕೆಲಸ ಅದು. ನನ್ನ ದೆಸೆಯಿಂದ ತಪ್ಪಿಹೋದರೆ ಅವಳ ಮುಖ ಹೇಗೆ ನೋಡಲಿ?

ಈ ಸಲ ಅಕ್ಕಪಕ್ಕದವರ ಫೋನ್ ನಂಬರನ್ನೂ ಕೊಡಿ, ವೀಸಾ ಆಫೀಸಿನವರು ವಿಚಾರಿಸಿದರೂ ವಿಚಾರಿಸಬಹುದು ಎಂದ ಚಿಕ್ಕಮಗಳೂರಿನ ಏಜೆಂಟ. ನಮ್ಮ ಪಕ್ಕದ ಮನೆ ಜುಬೇದಕ್ಕನದು. ಅವರ ಗಂಡ ಎಸ್ಟೇಟಿನ ಜೀಪು ರಿಪೇರಿ ಮಾಡುವವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ನಾನೇ ಹೋಗಿ ಅವರಿಗೆ ತರಬೇತಿ ಕೊಟ್ಟೆ.

"ಫೋನ್ ಬಂದ್ರೆ, ರೈಟರು ಹೆಂಡ್ತಿಗೆ ಎಲ್ಲದ್ರಲ್ಲೂ ಸಹಾಯ ಮಾಡ್ತಾರೆ, ಬಹಳ ಜವಾಬ್ದಾರಿ ಮನುಷ್ಯ ಅನ್ನಿ."

"ಯಾರು, ನೀವಾ?"

"ಸುಮ್ನೆ ಹೇಳಿ ಅಕ್ಕ."

"ಹೇಳುವ ಮಾರಾಯ್ರೆ. ಅಲ್ಲಾಹು ಕ್ಷಮಿಸ್ಲಿ."

ಫೋನು ಬಂದಾಗ ನಾನು ಅವರ ಜಗಲಿಯಲ್ಲೇ ಇದ್ದೆ, ಸ್ಪೀಕರ್ ಹಾಕಿಸಿದೆ. ಆ ಕಡೆ ವೀಸಾ ಆಫೀಸಿನ, ಕನ್ನಡ ಬಲ್ಲ ಹುಡುಗಿ. ಜುಬೇದಕ್ಕ "ಬಹಳ ಜವಾಬ್ದಾರಿ ಮನುಷ್ಯ" ಎಂದು ಶುರುಮಾಡಿ ಅಲ್ಲಿಗೇ ನಿಂತರು. ಮುಂದೆ ಹೇಳಿ ಎಂದು ಸನ್ನೆ ಮಾಡಿದೆ. ಅವರು ನನಗೆ ಬೆನ್ನು ತಿರುಗಿಸಿದರು.

"ನೋಡಮ್ಮ, ಸುಳ್ಳು ನಂಗೆ ಬರಲ್ಲ. ಇವ್ರಿಗೆ ಒಂದು ಅನ್ನ ಮಾಡೋಕ್ ಬರಲ್ಲ. ಸುಧಾ ಡ್ಯೂಟಿಗೆ ಹೋದ್ರೆ ಪಾತ್ರೆ ಹಿಡ್ಕೊಂಡು ನಮ್ಮನೆ ಬಾಗ್ಲಿಗೆ ಬರ್ತಾರೆ. ಅವಳೊಬ್ಳನ್ನೇ ಕರ್ಕೊಂಡ್ರೆ ಇವ್ರನ್ನ ಸಾಕೋದ್ಯಾರು? ನಂಗಾಗಲ್ಲ ತಾಯಿ. ಆದ್ರೆ ಒಂದು ಮಾತು. ಅವಳು ಬಸ್ಸಿಳಿಯುವಾಗ ಕತ್ಲೆ ಆಗಿರುತ್ತೆ, ಇಲ್ಲಿ ಆನೆ ಓಡಾಡ್ತಾವೆ. ಇವ್ರು ದಿನಾ ಟಾರ್ಚ್ ಹಿಡ್ಕೊಂಡು ಗೇಟಲ್ಲಿ ನಿಂತಿರ್ತಾರೆ. ಮಹಾ ಪುಕ್ಕಲು, ಎಲೆ ಅಲ್ಲಾಡಿದ್ರೂ ನಮ್ಮನೆಯವ್ರನ್ನ ಕರೀತಾರೆ. ಆದ್ರೂ ಅವಳು ಬರೋವರ್ಗೂ ಅಲ್ಲಿಂದ ಕದಲಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಯಿತು ಐರ್ಲೆಂಡು ಎಂದುಕೊಂಡು ಮನೆಗೆ ಬಂದು ಬೋರಲು ಬಿದ್ದುಕೊಂಡೆ.

ವೀಸಾ ಬಂತು! ತಾಲ್ಲೂಕಿನವರಿಗೆಲ್ಲ ಅದು ನನ್ನ ತರಬೇತಿಯ ಫಲವೆಂದೇ ಹೇಳಿದ್ದೇನೆ. ಸುಧಾ ಮಾತ್ರ ಜುಬೇದಕ್ಕನ ಬಾಯಿಂದ ಎಲ್ಲವನ್ನೂ ಕೇಳಿಕೊಂಡು ಬಂದು, ಬಟ್ಟೆ ಮಡಿಸುತ್ತಿದ್ದವಳು ತಟ್ಟನೆ ನಿಲ್ಲಿಸಿ, "ನೀವಿದೀರಲ್ಲ ಅಂತ್ಲೇ ನಾನು ಧೈರ್ಯವಾಗಿ ಬಸ್ಸಿಳೀತಿದ್ದೆ. ನಿಮ್ಗೇ ಹೆದ್ರಿಕೆ ಆಗ್ತಿತ್ತಾ?" ಎಂದು ಕೇಳಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಹೆದ್ರಿಕೆನಾ? ನಂಗಾ?" ಅಂದೆ.

"ಹಂಗಾದ್ರೆ ವಿಮಾನದಲ್ಲಿ ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ, ನಂಗೆ ಕೆಳಗೆ ನೋಡೋಕೆ ಭಯ" ಅಂದಳು.

ಆಗಲಿ ಎಂದು ಗತ್ತಿನಿಂದ ತಲೆಯಾಡಿಸಿದೆ. ಇಲ್ಲೇ ಹತ್ತಿರದ ದೇವರಮನೆ ಗುಡ್ಡದ ಅಂಚಿಗೆ ಹೋದರೆ ಹುಲ್ಲನ್ನು ಗಟ್ಟಿಯಾಗಿ ಹಿಡಿದು ಕೂರುವವನು ನಾನು. ವಿಮಾನದಲ್ಲಿ ಹುಲ್ಲೂ ಇರುವುದಿಲ್ಲ.