ಊರ್ಸಿನಾ ಕೈ ಹಾಕದ ಪ್ರಯಾಣ

ಓಸ್ವಾಲ್ಡನ ಒಳ್ಳೆಯ ಕೋಟುಗಳಿಗೆಲ್ಲ ಎಡಹೆಗಲ ಮೇಲೆ ಒಂದೊಂದು ಕಲೆ. ಉಜ್ಜಿದರೂ ಹೋಗದ, ತೊಳೆದರೂ ಹೋಗದ ಆ ಕಲೆಗಳು ನೀರೋ ಎಂಬ ನಾಯಿಯ ಜೊಲ್ಲಿನವು. ನೀರೋ ಅವನ ಹೆಂಡತಿಯ ತಮ್ಮ ಗೌಡೆನ್ಜನ ನಾಯಿ. ಪ್ರತಿ ವರ್ಷ ಓಸ್ವಾಲ್ಡನ ಅತ್ತೆಯ ಹುಟ್ಟುಹಬ್ಬಕ್ಕೆ ಗೌಡೆನ್ಜ್ ತನ್ನ ದೊಡ್ಡ ಕಾರಿನಲ್ಲಿ ವಿಂಟರ್‌ಟೂರ್ ಪಟ್ಟಣಕ್ಕೆ ಬಂದು, ಅಕ್ಕ ಭಾವಂದಿರನ್ನು ಬೆಟ್ಟದ ಮೇಲಿನ ತವರೂರು ಸುರ್‌ವಾಲಿಗೆ ಕರೆದೊಯ್ಯುತ್ತಿದ್ದ. ಮುಂದಿನ ಸೀಟು ಅಕ್ಕನಿಗೆ, ಹಿಂದಿನ ಸೀಟು ನಾಯಿಗೆ. (ನಾಯಿ ಹರಡಿಕೊಂಡು ಮಿಕ್ಕಿದ ಜಾಗ ಭಾವನಿಗೆ.)

ಅರ್ಧ ವಿಂಟರ್‌ಟೂರಿಗೆ ಕನ್ನಡಕ ಮಾಡಿಕೊಟ್ಟು ನಿವೃತ್ತನಾದ ಗಣ್ಯ ವ್ಯಕ್ತಿಗೆ ಇದು ತಕ್ಕ ಮರ್ಯಾದೆಯೇ? ಈ ವರ್ಷ ಗೌಡೆನ್ಜನ ಫೋನು ಬಂದಾಗ ಓಸ್ವಾಲ್ಡ್ ಎದೆಯುಬ್ಬಿಸಿ ಹೇಳಿಬಿಟ್ಟ:

"ನಿನ್ನ ಕಾರು ಬೇಡಪ್ಪ. ನಾವು ರೈಲಲ್ಲಿ ಬರ್ತೀವಿ."

ಅತ್ತ ಕಡೆಯಿಂದ ಬಹಳ ಹೊತ್ತು ಬರೀ ನಗು ಕೇಳಿಸಿತು. "ಭಾವ, ನೀವು ಕೂರ್‌ನಲ್ಲಿ ರೈಲು ಬದಲಾಯಿಸೋ ಹೊತ್ತಿಗೆ ಇಲ್ಲಿ ಅಮ್ಮ ತಟ್ಟೆ ತೊಳೀತಿರ್ತಾಳೆ."

"ಪಂಥ ಕಟ್ತೀಯಾ?"

ಪಂಥ ಕಟ್ಟಿಯೇ ಬಿಟ್ಟರು. ಅತ್ತೆ ಬಾರ್ಲಿ ಸೂಪು ಬಡಿಸುವುದರೊಳಗೆ ಓಸ್ವಾಲ್ಡ್ ರೈಲಿನಲ್ಲಿ ಬಂದು ಮುಟ್ಟಿದರೆ, ಗೌಡೆನ್ಜ್ ಎಲ್ಲರೆದುರು ಎದ್ದು ನಿಂತು ರೈಲನ್ನು ಹೊಗಳಿ ಭಾಷಣ ಮಾಡಬೇಕು. ಮುಂದೆಂದೂ ನೀರೋ ಭಾವನ ಪಕ್ಕ ಕೂರಕೂಡದು. ತಪ್ಪಿದರೆ ಓಸ್ವಾಲ್ಡನೇ ಎದ್ದು ನಿಂತು ಕಾರಿನ ಗುಣಗಾನ ಮಾಡಬೇಕು, ಮತ್ತು ಬದುಕಿರುವಷ್ಟು ಕಾಲ ಹಿಂದಿನ ಸೀಟಿನಲ್ಲೇ ಕೂರಬೇಕು.

"ಇನ್ನೊಂದು ಮಾತು," ಎಂದ ಗೌಡೆನ್ಜ್. "ಅಕ್ಕ ಕೈಹಿಡಿದು ಕರ್ಕೊಂಡು ಬಂದ್ರೆ ಅದು ಲೆಕ್ಕಕ್ಕಿಲ್ಲ. ಏರ್ಪಾಡೆಲ್ಲ ನಿಮ್ಮದೇ ಆಗಿರ್ಬೇಕು."

ಈ ಕೊನೆಯ ಮಾತು ಓಸ್ವಾಲ್ಡನಿಗೆ ಮೆಣಸಿನಕಾಯಿ ಕಚ್ಚಿದ ಹಾಗಾಯಿತು. ಫೋನು ಇಟ್ಟವನೇ ಅಡುಗೆಮನೆಗೆ ಹೋಗಿ ಹೆಂಡತಿಗೆ ರಾಜಾಜ್ಞೆ ಹೊರಡಿಸಿದ. "ಊರ್ಸಿನಾ, ಈ ಪ್ರಯಾಣದಲ್ಲಿ ನೀನು ಯಾವುದಕ್ಕೂ ಕೈ ಹಾಕಬಾರದು. ಇಲ್ಲಿರೋ ಕಡ್ಡಿ ಎತ್ತಿ ಅಲ್ಲಿಡಬಾರದು."

"ಬುತ್ತಿ?"

"ನಾನೇ ಕಟ್ತೀನಿ."

"ಆಮೇಲೆ ನನ್ನನ್ನ ಅನ್ನಬಾರ್ದು ನೋಡಿ."

"ಅನ್ನಲ್ಲ."

ಊರ್ಸಿನಾ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ಮದುವೆಯಾದ ಮೇಲೆ ಮೊದಲ ಸಲ ತಮಾಷೆ ನೋಡಲು ಕುಳಿತಳು.

ಆಮೇಲೆ ಆ ಮನೆಯಲ್ಲಿ ನಡೆದದ್ದು ಪ್ರಯಾಣದ ಸಿದ್ಧತೆಯಲ್ಲ, ದಂಡಯಾತ್ರೆಯ ಸಿದ್ಧತೆ. ಓಸ್ವಾಲ್ಡ್ ಅಂಗಡಿಯಿಂದ ತಂದಿದ್ದ ಹಳೆಯ ಕಣ್ಣುಪರೀಕ್ಷೆಯ ಹಲಗೆಯ ಹಿಂಬದಿಗೆ ಯೋಜನೆಯನ್ನು ಬರೆದು ಗೋಡೆಗೆ ನೇತುಹಾಕಿದ. ಕೈಗೆ ಹಳೇ ಅಭ್ಯಾಸ ಬಿಡಬೇಕಲ್ಲ? ಮೇಲೆ 'ವಿಂಟರ್‌ಟೂರ್' ಎಂದು ತಲೆಯಷ್ಟು ದೊಡ್ಡ ಅಕ್ಷರ. ಕೆಳಗೆ 'ಜ್ಯೂರಿಕ್', ಅದಕ್ಕಿಂತ ಸಣ್ಣದು. 'ಕೂರ್' ಇನ್ನೂ ಸಣ್ಣದು. ತಲುಪಬೇಕಾದ 'ಸುರ್‌ವಾಲ್' ಅಂತೂ ಇರುವೆಯ ಕಾಲಿನಷ್ಟಾಗಿ, ಬರೆದವನಿಗೇ ಕಾಣದಂತಾಯಿತು.

ಯಾವ ಸುರಂಗದಲ್ಲಿ ಬ್ರೆಡ್ಡು, ಯಾವ ಸೇತುವೆಯ ಮೇಲೆ ಚೀಸು, ಎಲ್ಲವೂ ನಿಗದಿಯಾಯಿತು. ಕೂರ್‌ನಲ್ಲಿ ದೊಡ್ಡ ರೈಲಿನಿಂದ ಬೆಟ್ಟದ ಕೆಂಪು ರೈಲಿಗೆ ಓಡಬೇಕಲ್ಲ, ಅದಕ್ಕೆ ಭಾನುವಾರ ಮಧ್ಯಾಹ್ನ ಮನೆಯಲ್ಲೇ ತಾಲೀಮು. ಸೋಫಾ ದೊಡ್ಡ ರೈಲು, ಬಚ್ಚಲುಮನೆ ಕೆಂಪು ರೈಲು. ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ಓಸ್ವಾಲ್ಡ್ ಧಡಧಡ ಓಡಿದ. ಭಾನುವಾರ ಮೊಳೆ ಹೊಡೆದರೂ ಸಹಿಸದ ಕೆಳಗಿನ ಮನೆಯ ಹೆಂಗಸು ಪೊರಕೆ ಕೋಲಿನಿಂದ ತನ್ನ ಸೂರನ್ನು ಕುಟ್ಟಿದಳು.

"ನಿಮ್ಮ ರೈಲಿಗೆ ಕೆಂಪು ದೀಪ ಬಿತ್ತು ಕಣ್ರೀ," ಎಂದಳು ಊರ್ಸಿನಾ ಕುಳಿತಲ್ಲಿಂದಲೇ. ಸ್ವಲ್ಪ ಹೊತ್ತು ಹಲಗೆಯನ್ನೇ ದಿಟ್ಟಿಸಿ ನೋಡಿ, "ಅಲ್ಲಾರೀ, ನಮ್ಮೂರ ಸ್ಟೇಷನ್ನಲ್ಲಿ..." ಎಂದು ಬಾಯಿ ತೆರೆದಳು.

"ಕೈ ಹಾಕಬೇಡ ಅಂದೆ!"

"ಬಾಯಿ ತಾನೇ ಹಾಕಿದ್ದು?"

"ಅದನ್ನೂ ಹಾಕಬೇಡ. ಗೌಡೆನ್ಜ್ ಕಾರು ಕೊಳ್ಳೋಕೆ ಮುಂಚೆ ಎಷ್ಟು ವರ್ಷ ಅದೇ ರೈಲಲ್ಲಿ ಹೋಗಿಲ್ಲ? ಒಂದು ಸಲವಾದ್ರೂ ಅದು ನಿಮ್ಮೂರಲ್ಲಿ ನಿಲ್ಲದೆ ಹೋಗಿದ್ಯಾ?"

ಊರ್ಸಿನಾ ಗಂಡನ ಮುಖವನ್ನೊಮ್ಮೆ ನೋಡಿದಳು. "ಇಲ್ಲ. ಯಾವತ್ತೂ ನಿಲ್ಲದೆ ಹೋಗಿಲ್ಲ," ಎಂದು ಹೇಳಿ ಹೆಣಿಗೆ ಕೈಗೆತ್ತಿಕೊಂಡಳು.

ಹೊರಟ ದಿನ ಎಲ್ಲವೂ ಹೂವೆತ್ತಿದಂತೆ ನಡೆಯಿತು. ಜ್ಯೂರಿಕ್ ಬಂತು, ಹೋಯಿತು. ಕೂರ್‌ನಲ್ಲಿ ತಾಲೀಮಿನ ಫಲವಾಗಿ ಓಸ್ವಾಲ್ಡ್ ಎಷ್ಟು ವೇಗವಾಗಿ ಓಡಿದನೆಂದರೆ, ಕೆಂಪು ರೈಲಿನ ಬಾಗಿಲು ತೆರೆಯುವ ಮುಂಚೆಯೇ ಅದರೆದುರು ನಿಂತು ಏದುಸಿರು ಬಿಡುತ್ತಿದ್ದ. ಕೆಂಪು ರೈಲು ಬೆಟ್ಟ ಹತ್ತತೊಡಗಿತು. ಸುರಂಗ ಬಂತು, ಬ್ರೆಡ್ಡು ತಿಂದರು. ಸೇತುವೆ ಬಂತು, ಚೀಸು ತಿಂದರು. ಓಸ್ವಾಲ್ಡನಿಗೆ ಸಂತೋಷ ಉಕ್ಕಿ ಬರುತ್ತಿತ್ತು. ಎದುರಿಗೆ ಕುಳಿತಿದ್ದ ಪಾದ್ರಿಗಳಿಗೆ ತನ್ನ ಯೋಜನೆಯ ಮಹಿಮೆಯನ್ನು ವಿವರಿಸಲು ಶುರುಮಾಡಿದ.

ಅಷ್ಟರಲ್ಲಿ ಸೂರಿನ ಧ್ವನಿವರ್ಧಕ ಏನೋ ಹೇಳಿತು. ತನ್ನ ಯೋಜನೆಯಲ್ಲಿಲ್ಲದ ಮಾತಿಗೆ ಓಸ್ವಾಲ್ಡ್ ಕಿವಿಗೊಡಲಿಲ್ಲ. ಊರ್ಸಿನಾಳ ಬಲಗೈ ಮಾತ್ರ ತಾನಾಗಿಯೇ ಮೇಲೆದ್ದಿತು. ಅದರ ಹಿಂದೆ ಅವಳೂ ಎದ್ದಳು.

"ಎಲ್ಲಿಗೆ?" ಎಂದ ಓಸ್ವಾಲ್ಡ್.

"ಬಾಗಿಲ ಹತ್ರ."

"ಕೂತ್ಕೋ. ಏಳೋದು ರೈಲು ನಿಂತ ಮೇಲೆ. ಹಲಗೆ ಮೇಲೆ ಬರೆದಿರಲಿಲ್ವಾ?"

"ನಿಜವಾಗ್ಲೂ ಕೂತ್ಕೊಳ್ಲಾ?"

"ಪಾದ್ರಿಗಳ ಮುಂದೆ ವಾದ ಮಾಡ್ಬೇಡ ಮಾರಾಯ್ತಿ."

ಅವಳು ಕುಳಿತಳು. ಕೈ ಮತ್ತೆ ಏಳದಿರಲೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಕಿಟಕಿಯಾಚೆಯ ಹಿಮವನ್ನು ನೋಡತೊಡಗಿದಳು.

ಸುರ್‌ವಾಲ್ ಕಾಣಿಸಿತು. ಪುಟ್ಟ ಸ್ಟೇಷನ್ನಿನಲ್ಲಿ ಬಂಧುಬಳಗವೆಲ್ಲ ನೆರೆದಿತ್ತು. ಕಪ್ಪು ಉಡುಪಿನಲ್ಲಿ ಅತ್ತೆ ಮೆಂಗಿಯಾ, ಪಕ್ಕದಲ್ಲಿ ಕೈಕಟ್ಟಿ ನಿಂತ ಗೌಡೆನ್ಜ್, ಅವನ ಕಾಲ ಬಳಿ ನೀರೋ. ಗೆದ್ದೆ! ಓಸ್ವಾಲ್ಡ್ ಕಿಟಕಿಯ ಗಾಜು ಇಳಿಸಿ, ಟೋಪಿ ತೆಗೆದು, ಪಟ್ಟಾಭಿಷೇಕಕ್ಕೆ ಬಂದ ದೊರೆಯ ಗತ್ತಿನಲ್ಲಿ ಬೀಸಿದ. ಎಲ್ಲರೂ ಕೈ ಬೀಸಿದರು. ಓಸ್ವಾಲ್ಡ್ ಇನ್ನೂ ಬೀಸಿದ. ಅತ್ತೆ ಹೋದಳು, ಗೌಡೆನ್ಜ್ ಹೋದ, ನಾಯಿ ಹೋಯಿತು, ಹೂಕುಂಡ ಹೋಯಿತು, ಸ್ಟೇಷನ್ನೇ ಹೋಯಿತು. ರೈಲು ಒಮ್ಮೆ ಸಿಳ್ಳೆ ಹಾಕಿ ಸುರಂಗದೊಳಗೆ ನುಗ್ಗಿತು.

ಕತ್ತಲಲ್ಲಿ ಓಸ್ವಾಲ್ಡನ ಟೋಪಿ ಇನ್ನೂ ಕಿಟಕಿಯ ಆಚೆಗೇ ಇತ್ತು. "ನಿ... ನಿಲ್ಲಲಿಲ್ಲ?"

"ಗುಂಡಿ ಒತ್ತಲಿಲ್ವಲ್ಲ," ಎಂದರು ಪಾದ್ರಿಗಳು ಮೃದುವಾಗಿ. "ಇದು ಸಣ್ಣ ಸ್ಟೇಷನ್ನು. ಇಳಿಯೋರು ಬಾಗಿಲ ಹತ್ರದ ಗುಂಡಿ ಒತ್ತಿದ್ರೆ ಮಾತ್ರ ನಿಲ್ಲುತ್ತೆ."

"ಮೊದಲೆಲ್ಲ ನಿಲ್ತಿತ್ತು!"

"ಮೊದಲೆಲ್ಲ ನಾನು ಒತ್ತುತ್ತಿದ್ದೆ," ಎಂದಳು ಊರ್ಸಿನಾ. "ನೀವು ಪೆಟ್ಟಿಗೆ ಇಳಿಸ್ತಾ ನನಗೆ ಬುದ್ಧಿ ಹೇಳ್ತಿದ್ರಿ. ಮತ್ತೇನಂದ್ಕೊಂಡ್ರಿ? ನಿಮ್ಮ ಮುಖ ನೋಡಿ ಮರ್ಯಾದೆ ಕೊಟ್ಟು ನಿಲ್ತಿತ್ತು ಅಂತಲಾ?"

ನಿಜ ಹೇಳಬೇಕೆಂದರೆ, ಓಸ್ವಾಲ್ಡ್ ಹಾಗೆಯೇ ಅಂದುಕೊಂಡಿದ್ದ. ಅವನಿಗೆ ನಾಚಿಕೆಯಾಯಿತು. ಗುಂಡಿಯೊಂದೇ ಅಲ್ಲ, ಒಲೆ ಆರಿಸುವುದು, ಬೀಗ ಹಾಕುವುದು, ಅತ್ತೆಗೆ ಉಡುಗೊರೆ ತರುವುದು, ಎಲ್ಲವೂ ಇಷ್ಟು ವರ್ಷ ತಾನಾಗಿಯೇ ಆಗುತ್ತಿದೆ ಎಂದುಕೊಂಡಿದ್ದನಲ್ಲ! ಉಡುಗೊರೆ ಎಂದೊಡನೆ ಪೆಟ್ಟಿಗೆಗಳ ಕಡೆ ತಿರುಗಿದ.

"ಊರ್ಸಿನಾ, ಅತ್ತೆಗೆ ಉಡುಗೊರೆ?"

"ನಾನು ಯಾವುದಕ್ಕೂ ಕೈ ಹಾಕಿಲ್ಲಪ್ಪ," ಎಂದಳು ಊರ್ಸಿನಾ.

ಮುಂದಿನ ಊರಿನಲ್ಲಿ ಇಳಿದರು. ಹಿಂತಿರುಗುವ ರೈಲಿಗೆ ಕಾದರೆ ಸೂಪಿನ ಜೊತೆಗೆ ಊಟವೂ ಮುಗಿದಿರುತ್ತಿತ್ತು. ಗೌಡೆನ್ಜನ ಕಾರು ಬೆಟ್ಟ ಹತ್ತಿ ಬಂದು ಎದುರಿಗೇ ನಿಂತಿತು. ಅವನು ಇಳಿದು ಬಂದ. ಹಿಂದಿನ ಬಾಗಿಲು ತೆರೆದ, ಅಷ್ಟೇ. ಒಳಗೆ ನೀರೋ ಬಾಲ ಅಲ್ಲಾಡಿಸಿತು. ಓಸ್ವಾಲ್ಡ್ ತೆಪ್ಪಗೆ ಹತ್ತಿ, ಎಡಹೆಗಲನ್ನು ಒಪ್ಪಿಸಿ ಕುಳಿತ.

ಮನೆ ಮುಟ್ಟಿದಾಗ ಅತ್ತೆ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. "ಅಳಿಯಂದಿರು ಬರದೆ ಬಡಿಸೋದು ಹೇಗೆ ಅಂತ ಕಾದೆ," ಎಂದಳು.

ಓಸ್ವಾಲ್ಡನಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ಯಾ ಗೌಡೆನ್ಜ್? ಸೂಪಿಗೆ ಮುಂಚೇನೇ ಬಂದಿದ್ದೀನಿ!"

"ಹೌದಪ್ಪ," ಎಂದಳು ಮೆಂಗಿಯಾ. "ನನ್ನ ಮಗ ಕಾರು ಇಟ್ಕೊಂಡಿದ್ದಕ್ಕೆ ನೀನು ಬಂದೆ."

ಮೇಜಿನ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡೆನ್ಜ್ ಲೋಟಕ್ಕೆ ಚಮಚ ಬಡಿದು, "ಈಗ ಭಾವನವರು ನನ್ನ ಕಾರಿನ ಬಗ್ಗೆ ನಾಲ್ಕು ಮಾತು ಆಡ್ತಾರೆ," ಎಂದು ಘೋಷಿಸಿದ. ಓಸ್ವಾಲ್ಡ್ ಎದ್ದು ನಿಂತ. ಹೆಗಲು ಒದ್ದೆ, ಬಾಯಿ ಒಣ, ತಲೆ ಖಾಲಿ. ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ. ಪಕ್ಕದಲ್ಲಿ ಕುಳಿತ ಊರ್ಸಿನಾ, ಅವನೊಬ್ಬನಿಗೇ ಕೇಳಿಸುವಂತೆ ಕೇಳಿದಳು:

"ಏನ್ರೀ, ನಾನೇನಾದ್ರೂ ಹೇಳಿಕೊಡ್ಲಾ? ಅಥವಾ ಇದಕ್ಕೂ ಕೈ ಹಾಕಬಾರ್ದಾ?"

"ಹಾಕು ಮಾರಾಯ್ತಿ," ಎಂದ ಓಸ್ವಾಲ್ಡ್, "ಎರಡೂ ಕೈ ಹಾಕು."